ಕಡವಿನಹುಂಡಿಯ ಇಂಕ್ ಪ್ಯಾಡು

ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಸಹಿ ಹಾಕಲೆಂದು ಶಿವರಂಜನಿ ಬೀರು ತೆಗೆದಳು. ಶಿಕ್ಷಕರ ಹಾಜರಿ ಪುಸ್ತಕ ಇರಲಿಲ್ಲ.

ಮೇಲಿನ ಅರೆ ನೋಡಿದಳು, ಕೆಳಗಿನ ಅರೆ ನೋಡಿದಳು. ಮಕ್ಕಳ ಹಾಜರಿ ಇತ್ತು. ದಾಖಲಾತಿ ಪುಸ್ತಕ ಇತ್ತು. ಸೀಮೆಸುಣ್ಣದ ಡಬ್ಬ, ಶಾಲೆಯ ಮೊಹರು, ಗಂಟೆ ಹೊಡೆಯುವ ಸುತ್ತಿಗೆ, ಎಲ್ಲ ಇದ್ದಲ್ಲೇ ಇದ್ದವು. ಬೀಗ ಒಡೆದಿರಲಿಲ್ಲ. ಆ ಒಂದು ಪುಸ್ತಕ, ಅದರ ಪಕ್ಕದಲ್ಲಿದ್ದ ಒಂದು ಹಳೆಯ ಇಂಕ್ ಪ್ಯಾಡು—ಎರಡೇ ಎರಡು ಸಾಮಾನು ಕಾಣೆಯಾಗಿದ್ದವು.

ಇದನ್ನು ಅವಳು ಫೋನಿನಲ್ಲಿ ಹೇಳಿದಾಗ ನಾನು ನಂಜನಗೂಡಿನ ಕಚೇರಿಯಲ್ಲಿ ಎರಡನೇ ಕಾಫಿ ಕುಡಿಯುತ್ತಿದ್ದೆ. ಇಂಕ್ ಪ್ಯಾಡಿನ ಮಾತು ಬಂದಾಗ ನಕ್ಕೂ ಬಿಟ್ಟೆ. ಆ ನಗುವಿಗೆ ಈಗಲೂ ನಾಚಿಕೆಪಡುತ್ತೇನೆ.

ನಾನು ಮಲ್ಲಿಕಾರ್ಜುನ್, ಕಪಿಲಾ ಗುರುನಿಧಿಯ ಗುಮಾಸ್ತ. ನಮ್ಮ ನಿಧಿಯ ಕೆಲಸ ಸರಳ. ಮೇಷ್ಟ್ರಾಗುವ ಆಸೆಯಿದ್ದು ಕಾಲೇಜಿಗೆ ಹೋಗಲು ಗತಿಯಿಲ್ಲದ ಮಕ್ಕಳಿಗೆ ಫೀಸು, ಹಾಸ್ಟೆಲ್ಲು ಎಲ್ಲ ನೋಡಿಕೊಳ್ಳುತ್ತದೆ. ಅದಕ್ಕೆ ಬದಲಾಗಿ ಅವರು ಓದು ಮುಗಿದ ಮೇಲೆ ನಿಧಿಯ ಹಳ್ಳಿ ಶಾಲೆಗಳಲ್ಲಿ ನಾಲ್ಕು ವರ್ಷ ಪಾಠ ಮಾಡಬೇಕು. ಹಾಗಂತ ಮುಚ್ಚಳಿಕೆ ಬರೆದುಕೊಡಬೇಕು. ನಾಲ್ಕು ವರ್ಷ ತುಂಬುವ ತನಕ ಅವರ ಅಂಕಪಟ್ಟಿಗಳ ಅಸಲು ನಮ್ಮ ಕಬ್ಬಿಣದ ಬೀರುವಿನಲ್ಲಿರುತ್ತವೆ.

ಶಿವರಂಜನಿ ಅಪ್ಪನಿಲ್ಲದ ಹುಡುಗಿ. ಅಮ್ಮ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸದಾಕೆ. ಮುಚ್ಚಳಿಕೆಯ ನಾಲ್ಕು ವರ್ಷ ಅವಳಿಗೆ ಮೊನ್ನೆ ಶನಿವಾರಕ್ಕೆ ತುಂಬಿತ್ತು. ಅದಕ್ಕೆ ಹಿಂದಿನ ದಿನ ಸರ್ಕಾರಿ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರೂ ಬಂದಿತ್ತು. ಗುರುವಾರ ಮೈಸೂರಿನಲ್ಲಿ ದಾಖಲೆ ಪರಿಶೀಲನೆ. ಅಸಲು ಅಂಕಪಟ್ಟಿ ತೋರಿಸದಿದ್ದರೆ ಅವಳನ್ನು ಬಿಟ್ಟು ಮುಂದಿನವರನ್ನು ಕರೆಯುತ್ತಾರೆ.

ಹಿಂದಿನ ವರ್ಷಗಳ ಹಾಜರಿ ನಮ್ಮ ಕಚೇರಿಗೆ ಬಂದು ಸೇರಿತ್ತು. ಈ ಜೂನ್‌ನಿಂದ ಈಚಿನದು ಮಾತ್ರ ಕಳೆದುಹೋದ ಆ ಪುಸ್ತಕದಲ್ಲಿತ್ತು. ಅದನ್ನು ನೋಡದೆ ಅಸಲು ಕೊಡುವಂತಿಲ್ಲ ಎಂದು ನಮ್ಮ ಅಧ್ಯಕ್ಷ ಶಿವಸ್ವಾಮಿಯವರು ಕಡ್ಡಿ ಮುರಿದ ಹಾಗೆ ಹೇಳಿದರು. ಆಮೇಲೆ ಏನನಿಸಿತೋ, ಇಂದ್ರಾಣಿ ಮೇಡಂ ಹೋಗಿ ನೋಡಿ, ಹುಡುಗಿ ದಿನ ತುಂಬಿಸಿದ್ದಾಳೆ ಎಂದು ಆಧಾರ ಸಮೇತ ಬರೆದುಕೊಟ್ಟರೆ ತಮ್ಮ ತಕರಾರಿಲ್ಲ ಎಂದರು.

ಇಂದ್ರಾಣಿ ಮೇಡಂ ಮೂವತ್ತೊಂದು ವರ್ಷ ಶಾಲೆಗಳ ತಪಾಸಣೆ ಮಾಡಿ ನಿವೃತ್ತರಾದವರು. ಒಂದು ತಿಂಗಳ ಸಹಿಗಳನ್ನು ಒಂದೇ ದಿನ ಕೂತು ಹಾಕಿದ್ದರೆ ಪುಟ ತಿರುವುತ್ತಿದ್ದ ಹಾಗೆ ಹೇಳಿಬಿಡುತ್ತಿದ್ದರಂತೆ. ಈಗ ಅರವತ್ತೆಂಟು. ಬಸ್ಸು ಹತ್ತಿದರೆ ನಿದ್ದೆ, ಕುರ್ಚಿ ಸಿಕ್ಕಿದರೆ ನಿದ್ದೆ. ಅದು ನಿದ್ದೆಯಲ್ಲ ಎಂದು ಅವರ ವಾದ.

ಮಂಗಳವಾರ ಬೆಳಿಗ್ಗೆ ತಿ. ನರಸೀಪುರದ ಬಸ್ಸು ಹತ್ತಿದೆವು. ಡಿಸೆಂಬರಿನ ಮಂಜು. ಸೇತುವೆ ದಾಟುವಾಗ ಕೆಳಗೆ ಹೊಳೆಯಿದೆಯೆಂದು ಸದ್ದಿನಿಂದ ತಿಳಿಯಬೇಕು, ಕಣ್ಣಿಗೇನೂ ಕಾಣದು. ಕಿಟಕಿಯಾಚೆ ಒಂದು ತೆಂಗಿನ ಮರ ಅರ್ಧಕ್ಕೆ ಹುಟ್ಟಿ ಅರ್ಧಕ್ಕೆ ನಿಂತಿತ್ತು. ಒಬ್ಬಾಕೆ ಹುಲ್ಲಿನ ಹೊರೆ ಹೊತ್ತು ಬಂದಳು, ಹೋದಳು. ಯಾವ ಊರು ಬಂತು, ಯಾವುದು ಹೋಯಿತು ಗೊತ್ತಾಗದೆ ನನಗೂ ಜೊಂಪು ಹತ್ತಿತು. ಎಚ್ಚರವಾದಾಗ ಮೇಡಂ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಮಲ್ಲಿಕಾರ್ಜುನ, ಮೊಹರು ಅಲ್ಲೇ ಇದೆ ಅಂದಳಲ್ವಾ?"

"ಇದೆಯಂತೆ ಮೇಡಂ."

"ಪ್ಯಾಡು ಇಲ್ಲ?"

"ಪ್ಯಾಡು ಹೋಗಲಿ ಬಿಡಿ, ಐವತ್ತು ರೂಪಾಯಿಗೆ ಹೊಸದು ಬರುತ್ತೆ."

ಅವರು ಶಾಲನ್ನು ಕಿವಿಯ ಮೇಲೆ ಎಳೆದುಕೊಂಡರು. ನಿದ್ದೆ ಹೋದರೆಂದುಕೊಂಡೆ.

ನರಸೀಪುರದಿಂದ ಆಟೋ. ಹೆಮ್ಮಿಗೆ ರಸ್ತೆಯಲ್ಲಿ ಒಂದಷ್ಟು ಹೋಗಿ ಹೊಳೆಯ ಕಡೆ ತಿರುಗಿದರೆ ಕಡವಿನಹುಂಡಿ. ಕೊಯ್ಲಾದ ಗದ್ದೆಗಳ ನಡುವೆ ಎರಡು ಕೋಣೆಯ ಶಾಲೆ, ಒಂದು ಅಡುಗೆಮನೆ, ಒಂದು ಹೊಂಗೆಮರ. ಮಂಜಿನೊಳಗಿಂದ ಮಗ್ಗಿ ಹೇಳುವ ದನಿಗಳು ಬರುತ್ತಿದ್ದವು, ಮಕ್ಕಳು ಕಾಣುತ್ತಿರಲಿಲ್ಲ.

ಮೊದಲು ಸಿಕ್ಕವರು ಹೆಡ್‌ಮಾಸ್ಟರ್ ಮಹಾದೇವಸ್ವಾಮಿ. ನರಸೀಪುರದಿಂದ ಸ್ಕೂಟರಿನಲ್ಲಿ ಓಡಾಡುವ, ಐವತ್ತು ದಾಟಿದ ಮನುಷ್ಯ. ಶನಿವಾರ ಮಧ್ಯಾಹ್ನ ತಾವೇ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಗಿ ಹೇಳಿದರು.

"ಕೀಲಿ ಎಲ್ಲಿರುತ್ತೆ?"

"ಬಾಗಿಲ ಹಿಂದೆ, ಮೊಳೆಗೆ."

"ಯಾರ್ಯಾರಿಗೆ ಗೊತ್ತು?"

"ಊರಿಗೆಲ್ಲ ಗೊತ್ತು ಮೇಡಂ."

"ಮತ್ತೆ ಬೀಗ ಯಾಕೆ ಹಾಕ್ತೀರಿ?"

"ಇಲಿ ನುಗ್ಗದೇ ಇರ್ಲಿ ಅಂತ."

ಹುಡುಗಿ ಹೋದರೆ ನಲವತ್ತೆರಡು ಮಕ್ಕಳಿಗೆ ತಾವೊಬ್ಬರೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಅದರಿಂದ ಶುರುವಾದ ಗೋಳು ಎಲ್ಲೆಲ್ಲಿಗೋ ಹರಿಯಿತು. ಹೆಂಚು ಸೋರುತ್ತದೆ. ಬೋರ್‌ವೆಲ್ ಕೈಕೊಟ್ಟಿದೆ. ಅಡುಗೆಯ ದೇವೀರಮ್ಮ ಓದಿದವಳಲ್ಲ, ಆದರೂ ಸಂಬಳದ ಪಟ್ಟಿಗೆ ಹೆಬ್ಬೆಟ್ಟು ಒತ್ತಲ್ಲ ಅಂತ ಹಟ. ಸತ್ತರೂ ಒತ್ತಲ್ಲ ಅಂತಾಳೆ, ಪೆನ್ನಿನಲ್ಲಿ ಒಂದು ಗೀಟೆಳೆದು ಹೋಗ್ತಾಳೆ. ಆಡಿಟ್‌ನವರಿಗೆ ತಾವು ಏನಂತ ಉತ್ತರ ಹೇಳಬೇಕು? ಇಂಥ ಗೋಳನ್ನು ನಾನು ಬರೆದುಕೊಳ್ಳುವುದಿಲ್ಲ. ಮೇಡಂ ಮಾತ್ರ ಕಣ್ಣು ಬಿಟ್ಟು ಕೇಳಿದರು.

ಶಿವರಂಜನಿಯ ಮುಖ ನೋಡಲಾಗುತ್ತಿರಲಿಲ್ಲ. ರಾತ್ರಿಯಿಡೀ ನಿದ್ದೆ ಮಾಡಿದವಳಲ್ಲ. ಈ ವರ್ಷ ರಜೆ ಹಾಕಿದ್ದೀಯಾ ಎಂದು ಮೇಡಂ ಕೇಳಿದರು. ಜುಲೈನಲ್ಲಿ ಎರಡು ದಿನ ಜ್ವರ, ಬೇರೆ ಇಲ್ಲ ಎಂದಳು. ನನ್ನ ತಲೆಗೆ ಒಂದು ಹುಳ ಹೊಕ್ಕಿತು—ಎರಡೇ ದಿನವೋ, ಇಪ್ಪತ್ತು ದಿನವೋ? ಪುಸ್ತಕವೇ ಇಲ್ಲವೆಂದ ಮೇಲೆ ಯಾರು ಹೇಳಬೇಕು?

"ಶುಕ್ರವಾರ ಪಟ್ಟಿ ಬಂದಾಗ ಯಾರಿಗೆ ಹೇಳಿದೆ?"

"ಅಮ್ಮಂಗೆ ಫೋನ್ ಮಾಡ್ದೆ ಮೇಡಂ. ಆಮೇಲೆ ಅಡುಗೆಮನೇಲಿ ಕೂತು ಅತ್ತುಬಿಟ್ಟೆ."

"ಅಳೋದ್ಯಾಕೆ?"

"ಗುರುವಾರದೊಳಗೆ ಎಲ್ಲ ಆಗುತ್ತೋ ಇಲ್ವೋ ಅಂತ ಹೆದರಿಕೆ. ನಾಲ್ಕು ವರ್ಷಕ್ಕೆ ಬರ್ದುಕೊಟ್ಟಿದೀನಿ, ಆ ಪುಸ್ತಕ ತೀರದೆ ಅವ್ರು ನನ್ನ ಬಿಡಲ್ಲ ಅಂದೆ. ದೇವೀರಮ್ಮನೇ ಕಣ್ಣೊರೆಸಿದ್ರು."

ಇದರಲ್ಲಿ ಬರೆದುಕೊಳ್ಳುವಂಥದ್ದು ನನಗೇನೂ ಕಾಣಲಿಲ್ಲ.

ಮೂರನೆಯವನು ನಂಜೇಶ್. ಅವನೂ ನಿಧಿಯಿಂದ ಓದಿದವನೇ, ನಾಲ್ಕು ವರ್ಷ ತುಂಬಿಸಿಯೂ ಮುಡುಕುತೊರೆ ಕಡೆಯ ನಮ್ಮ ಇನ್ನೊಂದು ಶಾಲೆಯಲ್ಲೇ ಇದ್ದಾನೆ. ಕರೆ ಕಳಿಸಿದ್ದಕ್ಕೆ ಬೈಕಿನಲ್ಲಿ ಬಂದ. ಶನಿವಾರ ಮಧ್ಯಾಹ್ನ, ಎಲ್ಲರೂ ಹೊರಡುವ ಹೊತ್ತಿಗೆ ಅವನು ಇಲ್ಲಿಗೆ ಬಂದಿದ್ದನೆಂದು ಊರಿನವರು ಆಗಲೇ ಹೇಳಿದ್ದರು.

"ಯಾಕೆ ಬಂದಿದ್ರಿ?"

"ಕಂಗ್ರಾಟ್ಸ್ ಹೇಳೋಕೆ ಮೇಡಂ."

"ಪಟ್ಟಿಯಲ್ಲಿ ನಿಮ್ಮ ಹೆಸರು?"

"ವೈಟಿಂಗ್ ಲಿಸ್ಟಲ್ಲಿ ಮೊದಲ್ನೇದು."

"ಅಂದರೆ, ಇವಳು ಗುರುವಾರ ಹೋಗದಿದ್ದರೆ..."

"ಕರೆಯೋದು ನನ್ನೇ." ಅವನು ತಲೆ ತಗ್ಗಿಸಿದ. "ಪುಸ್ತಕ ಹೋಯ್ತು ಅಂತ ಕೇಳಿದಾಗ ಒಂದು ಗಳಿಗೆ ಆಸೆ ಆಯ್ತು ಮೇಡಂ. ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ನಾನು ಮುಟ್ಟಿಲ್ಲ."

ಮುಗಿಯಿತು ಕೇಸು ಅಂದುಕೊಂಡೆ. ಕಾರಣವಿದೆ, ಸಮಯವಿದೆ, ಕೀಲಿ ಮೊಳೆಯ ಮೇಲಿದೆ. ಸಂಜೆಯ ಬಸ್ಸಿಗೆ ವಾಪಸು ಹೋಗಬಹುದೆಂದು ಗಡಿಯಾರವನ್ನೂ ನೋಡಿಕೊಂಡೆ.

ಉಳಿದಾಕೆ ಅಡುಗೆಯ ದೇವೀರಮ್ಮ. ಅರವತ್ತೈದರ ಆಸುಪಾಸು, ಸಣ್ಣ ಮೈ, ಹಣೆಯ ತುಂಬ ವಿಭೂತಿ. ಪುಸ್ತಕದ ವಿಷಯ ಕೇಳಿದರೆ ಸಾರಿನ ಪಾತ್ರೆಯನ್ನೇ ನೋಡುತ್ತ ತನಗೇನೂ ಗೊತ್ತಿಲ್ಲವೆಂದರು. ಒಲೆಯ ಹೊಗೆ, ಹೊರಗಿನ ಮಂಜು ಎರಡೂ ಸೇರಿ ಆ ಅಡುಗೆಮನೆಯಲ್ಲಿ ಎಲ್ಲವೂ ತೇಲುತ್ತಿದ್ದವು. ಮಸಿ ಹಿಡಿದ ಗೋಡೆಯ ಮೇಲೆ ಸಾಲುಸಾಲಾಗಿ ಬಿಳಿ ಬೊಟ್ಟುಗಳಿದ್ದವು, ಹಬ್ಬಕ್ಕೆ ಇಟ್ಟದ್ದಿರಬೇಕು. ಮೇಡಂ ಅವುಗಳ ಮುಂದೆ ಬಹಳ ಹೊತ್ತು ನಿಂತರು. ತುಟಿ ಅಲುಗುತ್ತಿತ್ತು. ಆಮೇಲೆ ಹೊರಗೆ ಹೋಗಿ ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕಣ್ಣು ಮುಚ್ಚಿದರು.

ನಾನು ನಂಜೇಶನ ಹೆಸರು ಹೇಳಿ ನನ್ನ ಮೂರು ಕಾರಣಗಳನ್ನು ಒಪ್ಪಿಸಿದೆ. ತರಗೆಲೆಯೊಂದು ಮೇಡಂ ಮಡಿಲಿಗೆ ಬಿತ್ತು. ಅದನ್ನು ತೆಗೆದಿಟ್ಟು, ಮಕ್ಕಳ ಊಟವಾಗಲಿ, ಆಮೇಲೆ ಎಲ್ಲರೂ ಅಡುಗೆಮನೆಗೆ ಬರಲಿ ಎಂದರು.

ಮಕ್ಕಳು ಉಂಡು ಹೊರಗೆ ಹೋದ ಮೇಲೆ ನಾವು ಆರು ಜನ ಒಲೆಯ ಸುತ್ತ ಸೇರಿದೆವು. ಮೇಡಂ ಶಾಲೆಯ ಮೊಹರನ್ನು ನೆಲದ ಮೇಲಿಟ್ಟರು.

"ಇದು ಬೀರುವಿನಲ್ಲಿ ಪ್ಯಾಡಿನ ಪಕ್ಕದಲ್ಲೇ ಇತ್ತು. ಓದುಬರಹ ಬಲ್ಲ ಕಳ್ಳ ಆಗಿದ್ದರೆ ಇದನ್ನು ತಗೋತಿದ್ದ. ಮೊಹರು ಇದ್ದರೆ ನಾಳೆ ಏನು ಬೇಕಾದರೂ ಬರೆದು ಒತ್ತಬಹುದು. ಬೇಡವಾ, ಪುಸ್ತಕ ಒಂದನ್ನೇ ಒಯ್ತಿದ್ದ. ನಂಜೇಶ್ ಆಗಿದ್ದರೆ ಹಾಗೇ ಮಾಡ್ತಿದ್ದರು. ಮಹಾದೇವಸ್ವಾಮಿಯವರಿಗೆ ಕದಿಯೋ ಅಗತ್ಯವೇ ಇಲ್ಲ, ಕೊನೇ ಪುಟಕ್ಕೆ ದೃಢೀಕರಣ ಬರೆಯದೆ ಎರಡು ದಿನ ಎಳೆದಿದ್ದರೆ ಸಾಕಿತ್ತು."

"ಹಾಗಿದ್ರೆ ಪ್ಯಾಡು ಯಾಕೆ?" ಎಂದೆ.

"ಅದನ್ನೇ ನೀವು ಬಸ್ಸಿನಲ್ಲಿ ತಳ್ಳಿಹಾಕಿದ್ದು. ಮೊಹರು ಯಾರಿಗೆ ಏನೂ ಅಲ್ಲವೋ, ಪ್ಯಾಡು ಕಂಡರೆ ಯಾರಿಗೆ ಭಯವೋ ಅವರು ಒಯ್ದಿದ್ದಾರೆ. ಪುಸ್ತಕ ಹೋದರೂ ಪ್ಯಾಡು ಉಳಿದರೆ ಇನ್ನೊಂದು ಪುಸ್ತಕ ತಂದು ಮತ್ತೆ ಒತ್ತಿಸಿಕೊಳ್ತಾರೆ ಅಂತ ಹೆದರಿದವರು. ಈ ಶಾಲೆಯಲ್ಲಿ ಸತ್ತರೂ ಹೆಬ್ಬೆಟ್ಟು ಒತ್ತಲ್ಲ ಅನ್ನೋರು ಒಬ್ಬರೇ ಇದ್ದಾರೆ."

ಅವರು ದನಿ ತಗ್ಗಿಸಿದರು. "ದೇವೀರಮ್ಮ, ಪ್ಯಾಡು ಎಲ್ಲಿಟ್ಟಿದ್ದೀರಿ?"

ದೇವೀರಮ್ಮ ಎದ್ದರು. ಹುಣಸೆಹಣ್ಣಿನ ಡಬ್ಬದೊಳಗೆ ಕೈಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಇಂಕ್ ಪ್ಯಾಡನ್ನು ತೆಗೆದು ಮೊಹರಿನ ಪಕ್ಕ ಇಟ್ಟರು. ಹೆದರಿದ ಹಾಗೆ ಕಾಣಲಿಲ್ಲ. ಕೆಲಸ ಮುಗಿಸಿದವರ ನೆಮ್ಮದಿಯಿತ್ತು.

"ನಮ್ಮಪ್ಪ ಜೀತಕ್ಕಿದ್ದ ಕಣವ್ವ," ಎಂದರು. "ದಿನಾ ಸಂದೇಗೆ ದನ ಕಟ್ಬುಟ್ಟು, ಧಣಿ ಪುಸ್ತಕಕ್ಕೆ ಎಬ್ಬೆಟ್ಟು ಒತ್ಬೇಕು. ಒತ್ತಿ ಒತ್ತಿ ಅವ್ನ ಬೆಟ್ಟು ನೀಲಿಯಾಗೇ ಓಗಿತ್ತು. ಕಾಯ್ದೆ ಬಂದಾಗ ಆಪೀಸರು ಬಂದು ಆ ಪುಸ್ತಕ ಈಸ್ಕೊಂಡು ನಮ್ಮಪ್ಪನ ಕೈಗೆ ಕೊಟ್ರು. ಅವ್ನು ಒಳೆ ಕೂಡೋ ತಾವ್ಕೆ ಓಗಿ ಅದ ನೀರ್ಗೆ ಬುಟ್ಟು, ಮೂರು ಮುಳುಗು ಮುಳುಗ್ದ. ಅವತ್ಗೆ ನಮ್ಗೆ ಬುಡುಗಡೆ."

ಅವರು ಶಿವರಂಜನಿಯ ಕಡೆ ನೋಡಿದರು.

"ಈ ಕೂಸೂ ದಿನಾ ಬಂದು ಪುಸ್ತಕದಲ್ಲಿ ಬರೀತಿತ್ತು. ಏನೋ ಇಸ್ಕೂಲಿಂದು ಅನ್ಕೊಂಡಿದ್ದೆ. ಸುಕ್ರವಾರ ಇದೇ ಒಲೆ ಮುಂದೆ ಕುಂತು ಅತ್ತದು. ಬರ್ಕೊಟ್ಟಿವ್ನಿ, ಪುಸ್ತಕ ತೀರ್ದೆ ಬುಡಾಕಿಲ್ಲ ಅಂತು. ಓದ್ದೋರ್ಗೂ ಜೀತ ತಪ್ನಿಲ್ವಲ್ಲ ಅಂತ ನನ್ನ ಒಟ್ಟೆ ಉರುದೋಯ್ತು. ಭಾನ್ವಾರ ಪುಸ್ತಕವ ಸೆರಗ್ನಲ್ಲಿ ಸುತ್ಕೊಂಡು ಫ್ರೀ ಬಸ್ಸಲ್ಲಿ ನರಸೀಪುರಕ್ಕೆ ಓದೆ. ಕಲ್ಲು ಕಟ್ಟಿ ಸಂಗಮಕ್ಕೆ ಬುಟ್ಟೆ. ಕೂಸಿನ ಎಸ್ರೇಳಿ ನಾನೇ ಮೂರು ಮುಳುಗು ಆಕ್ದೆ."

"ಪ್ಯಾಡನ್ನ ಯಾಕೆ ಬಿಡಲಿಲ್ಲ?"

"ಜನ ಮೀಯೋ ನೀರಲ್ವವ್ವ? ಅದ್ಕೆ ಆ ಬಣ್ಣ ಆಕಾದಾ?"

ಶಿವರಂಜನಿ ಗೋಡೆಗೆ ಒರಗಿ ಕೂತಳು. ಪುಸ್ತಕ ಸಿಕ್ಕೀತೆಂದು ನಿನ್ನೆಯಿಂದ ಹಿಡಿದುಕೊಂಡಿದ್ದ ಆಸೆ ಅವಳ ಕೈಬಿಟ್ಟದ್ದು ನನ್ನ ಕಣ್ಣಿಗೇ ಕಂಡಿತು. ಅವಳು ಮೆಲ್ಲಗೆ ಹೇಳಿದಳು.

"ದೇವೀರಮ್ಮ, ಅದು ಜೀತದ ಪುಸ್ತಕ ಅಲ್ಲ. ನನ್ನ ಓದ್ಸಿದಾರೆ, ಅದ್ಕೆ ನಾನೇ ಒಪ್ಪಿ ಬಂದಿದ್ದು. ಕೆಲ್ಸ ಮಾಡಿದೀನಿ ಅನ್ನೋಕೆ ಅದೊಂದೇ ಸಾಕ್ಷಿ. ಅದಿದ್ದಿದ್ರೆ ನಾನು ಹೋಗ್ಬೋದಿತ್ತು."

ದೇವೀರಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಆ ಮುಖ ಹೇಗಾಯಿತೆಂದು ನಾನು ಬರೆಯುವುದಿಲ್ಲ. ಬಿಡಿಸಲು ಹೋಗಿ ಕಟ್ಟಿಹಾಕಿದ್ದೆ ಎಂಬುದು ಗೊತ್ತಾದ ಮುಖ ಅದು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದರು. ನನಗೆ ನಮ್ಮ ಕಬ್ಬಿಣದ ಬೀರು ನೆನಪಾಯಿತು. ಬೇರೆಯವರ ಅಂಕಪಟ್ಟಿಗಳನ್ನು ಒಳಗಿಟ್ಟು, ದಿನವೂ ಅದರ ಪಕ್ಕ ಕೂತು ಕಾಫಿ ಕುಡಿಯುವವನು ನಾನು. ಆ ಮುದುಕಿ ತಿಳಿದದ್ದು ಪೂರಾ ತಪ್ಪೇನೂ ಅಲ್ಲವೇನೋ ಎಂಬ ಅನುಮಾನ ಬಂತು.

ಮೇಡಂ ಮಾತ್ರ ಗೋಡೆಯ ಕಡೆ ತಿರುಗಿದ್ದರು.

"ಈ ಬೊಟ್ಟುಗಳು ಏನು ದೇವೀರಮ್ಮ?"

ದೇವೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಕೂಸಿಂದು ಕಣವ್ವ."

"ಅಂದರೆ?"

"ಧಣಿ ಪುಸ್ತಕದಲ್ಲಿ ಏನ್ ಬರ್ಕತ್ತಿದ್ರೋ ನಮ್ಗೆ ಗೊತ್ತಾಗ್ತಿರ್ನಿಲ್ಲ. ಅದ್ಕೆ ನಮ್ಮವ್ವ ಮನೆ ಗ್ವಾಡೆ ಮ್ಯಾಲೆ ಅಪ್ಪ ಗೇದ ದಿನಕ್ಕೊಂದು ಸುಣ್ಣದ ಬೊಟ್ಟು ಇಕ್ಕೋಳು. ಅದೇ ವಾಡ್ಕೆ ನಂಗೂವೆ. ಮಕ್ಕಳ್ದೆಲ್ಲ ಆದ್ಮೇಲೆ ಕೂಸು ಉಣ್ಣಾಕೆ ಬತ್ತದೆ. ತಟ್ಟೆ ಇಕ್ಬುಟ್ಟು ಒಂದು ಬೊಟ್ಟು ಇಕ್ತೀನಿ. ಬ್ಯಾಸ್ಗೆ ರಜದಲ್ಲಿ ಸುಣ್ಣ ಬಳೀತಾರೆ, ಆಮೇಲೆ ಇಸ್ಕೂಲು ತೆಗ್ದಾಗ್ಲಿಂದ ಮತ್ತೆ."

ಜೂನ್‌ನಿಂದ. ಮೇಡಂ ನನ್ನತ್ತ ನೋಡಿದರು. ನಾನು ಪೆನ್ನು ತೆಗೆದೆ.

ಸಾಲಿಗೆ ಆರು ಬೊಟ್ಟು, ವಾರಕ್ಕೊಂದು ಸಾಲು. ಮೇಡಂ ಬೆರಳಿಟ್ಟು ಓದುತ್ತ ಹೋದರು, ನಾನು ಕ್ಯಾಲೆಂಡರ್ ಹಿಡಿದು ಹಿಂದೆ ನಡೆದೆ. ಸ್ವಾತಂತ್ರ್ಯ ದಿನಾಚರಣೆಗೆ ಲಾಡು ಹಂಚಿದ್ದರು, ಊಟವಿಲ್ಲ, ಬೊಟ್ಟಿಲ್ಲ. ಗೌರಿ ಗಣೇಶಕ್ಕೆ ಇಲ್ಲ. ದಸರಾ ರಜೆಗೆ ಗೋಡೆ ಅಷ್ಟುದ್ದ ಖಾಲಿ, ಮತ್ತೆ ಶುರು. ಜುಲೈನ ಒಂದು ಸಾಲಿನಲ್ಲಿ ನಾಲ್ಕೇ ಬೊಟ್ಟು.

"ಇಲ್ಲಿ ಎರಡು ಯಾಕಿಲ್ಲ?"

"ಜರ ಬಂದಿತ್ತು ಕೂಸ್ಗೆ. ರೂಮಿಗೇ ಗಂಜಿ ಕಾಸ್ಕೊಂಡು ಓಗಿದ್ದೆ. ಅದು ಇಸ್ಕೂಲೂಟ ಅಲ್ಲವಲ್ಲ, ಇಕ್ನಿಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತೊಂದು ವರ್ಷದಲ್ಲಿ ಇಷ್ಟು ಶುದ್ಧವಾದ ಹಾಜರಿ ನಾನು ನೋಡಿಲ್ಲ," ಎಂದರು.

ಅಡುಗೆಮನೆಯ ನೆಲದಲ್ಲೇ ಕೂತು ದೇವೀರಮ್ಮನ ಹೇಳಿಕೆ ಬರೆದೆ: ಜೂನ್‌ನಿಂದ ಶನಿವಾರದವರೆಗೆ ಶಿವರಂಜನಿ ಎರಡು ದಿನ ಬಿಟ್ಟು ಎಲ್ಲ ದಿನ ಶಾಲೆಯಲ್ಲಿದ್ದುದನ್ನು ನಾನು ಕಣ್ಣಾರೆ ಕಂಡು ಗುರುತು ಹಾಕಿದ್ದೇನೆ. ಮೇಡಂ ಸಹಿ ಹಾಕಿದರು. ಮಹಾದೇವಸ್ವಾಮಿ ಹಾಕಿದರು. ಸಾಕ್ಷಿಗೆ ನಾನು ಹಾಕುತ್ತೇನೆಂದು ನಂಜೇಶನೇ ಮುಂದೆ ಬಂದ. ಪೆನ್ನು ಹಿಡಿದು ಅವನು ಒಂದು ಗಳಿಗೆ ತಡೆದದ್ದನ್ನೂ, ಆಮೇಲೆ ಹಾಕಿದ್ದನ್ನೂ ನಾನು ಕಂಡೆ.

ಉಳಿದದ್ದು ಹೇಳಿಕೆ ಕೊಟ್ಟವರ ಗುರುತು. ಗೀಟು ನಡೆಯುವುದಿಲ್ಲ, ಯಾರ ಗೀಟು ಬೇಕಾದರೂ ಆಗಬಹುದು. ಮೇಡಂ ಬಲವಂತ ಮಾಡಲಿಲ್ಲ. ಪ್ಯಾಡಿನ ಮುಚ್ಚಳ ತೆಗೆದು ಸುಮ್ಮನೆ ಕೂತರು. ದೇವೀರಮ್ಮ ಅದನ್ನು ದೂರದಿಂದ ನೋಡಿದರು. ಅವರ ಕೈ ಸೆರಗಿನೊಳಗಿತ್ತು.

"ಬೇಡ ಬಿಡಿ ದೇವೀರಮ್ಮ," ಎಂದಳು ಶಿವರಂಜನಿ. "ನಿಮಗಾಗದ್ದು ಮಾಡ್ಬೇಡಿ. ಬೇರೆ ಏನಾದ್ರೂ ನೋಡೋಣ."

ಬೇರೆ ಏನೂ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ನಾ ಒತ್ತುದ್ರೆ," ದೇವೀರಮ್ಮ ಮೇಡಂ ಅವರನ್ನು ಕೇಳಿದರು, "ಕೂಸು ಓಯ್ತದಾ?"

"ಹೋಗ್ತಾಳೆ."

"ತಿರ್ಗಾ ಬರಾಕಿಲ್ಲ?"

ಮೇಡಂ ಸುಳ್ಳು ಹೇಳುವವರಲ್ಲ. "ಯಾವ ಊರಿಗೆ ಹಾಕ್ತಾರೋ ಗೊತ್ತಿಲ್ಲ," ಎಂದರು.

ದೇವೀರಮ್ಮ ಸೆರಗಿನಿಂದ ಎಡಗೈ ತೆಗೆದರು. ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಕಣ್ಣು ಮುಚ್ಚಿಕೊಂಡು, ಕಾಗದದ ಮೇಲಿಟ್ಟರು. ಎಷ್ಟು ಹೊತ್ತಾದರೂ ತೆಗೆಯಲಿಲ್ಲ. ಕೊನೆಗೆ ಶಿವರಂಜನಿಯೇ ಆ ಕೈ ಹಿಡಿದು ಮೇಲೆತ್ತಿದಳು.

ನಾನು ಶಿವಸ್ವಾಮಿಯವರಿಗೆ ಗೋಡೆಯ ಫೋಟೋ, ಹೇಳಿಕೆಯ ಫೋಟೋ ಕಳಿಸಿ ಫೋನ್ ಮಾಡಿದೆ. ಜುಲೈ ಸಾಲಿನಲ್ಲಿ ನಾಲ್ಕೇ ಯಾಕೆ ಎಂದು ಅವರೂ ಕೇಳಿದರು. ಆಮೇಲೆ, ನಾಳೆ ಬೆಳಿಗ್ಗೆ ಹುಡುಗಿ ಬಂದು ಅಂಕಪಟ್ಟಿ ತಗೊಂಡು ಹೋಗಲಿ ಎಂದರು.

ಹೊರಗೆ ಮಂಜು ಹರಿದು, ಗದ್ದೆಯಾಚೆ ಹೊಳೆ ಬೆಳ್ಳಗೆ ಕಾಣತೊಡಗಿತ್ತು. ದೇವೀರಮ್ಮ ತಟ್ಟೆ ತೊಳೆದು ತಂದು ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಉಣ್ಣು ಕೂಸು, ಹೊತ್ತಾಯ್ತು ಎಂದರು. ಶಿವರಂಜನಿ ಅಳುತ್ತಲೇ ಉಂಡಳು. ಅವಳು ಕೈ ತೊಳೆಯಲು ಎದ್ದಾಗ ದೇವೀರಮ್ಮ ಸುಣ್ಣದ ಬಟ್ಟಲಿಗಾಗಿ ಅತ್ತಿತ್ತ ನೋಡಿದರು. ಸಿಗಲಿಲ್ಲ. ತಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡರು, ಶಾಯಿ ಇನ್ನೂ ಆರಿರಲಿಲ್ಲ. ಗೋಡೆಯ ಹತ್ತಿರ ಹೋಗಿ ಕೊನೆಯ ಸಾಲಿನ ಪಕ್ಕದಲ್ಲಿ ಅದನ್ನೇ ಒತ್ತಿದರು.

ಅಷ್ಟು ಬಿಳಿ ಬೊಟ್ಟುಗಳ ಕೊನೆಗೆ ಅದೊಂದು ನೀಲಿ. ಮುಂದಿನ ಬೇಸಿಗೆಯಲ್ಲಿ ಸುಣ್ಣ ಬಳಿಯುವಾಗ ಆ ಗೋಡೆಯನ್ನು ಬಿಟ್ಟು ಬಳಿಯಿರಿ ಎಂದು ಕಚೇರಿಯಿಂದ ನಾನೇ ಕಾಗದ ಬರೆದಿದ್ದೇನೆ.